ನಲವತ್ತೊಂದನೇ ಜೋಡಿಯಿಂದ, ಮಾರ್ಗದರ್ಶಕರನ್ನು ಜೋಡಿಸುವ ಕಚೇರಿಗೆ

ಮಾನ್ಯ ಸಂಚಾಲಕರಿಗೆ,
ಬಡಾವಣೆಯ ಯುವಜನ ಮಾರ್ಗದರ್ಶನ ಸೇವೆ,
ಎರಡನೇ ಮಹಡಿ, ಗಡಿಯಾರ ನಿಂತಿರುವ ಕೋಣೆ.

ಮಾನ್ಯರೇ,

ತಮಗೂ, ತಮ್ಮ ಮೇಜಿನ ಮೇಲೆ ಹೂವಿನ ಬಟ್ಟೆ ಹೊದ್ದು ಕುಳಿತಿರುವ ಕಂಪ್ಯೂಟರಿಗೂ, ಯಾರಾದರೂ ಬಂದಾಗ ಒಂದು ಕೈಯಲ್ಲಿ ಆ ಬಟ್ಟೆಯನ್ನು ಸರಿಸುತ್ತ ಇನ್ನೊಂದು ಕೈಯಲ್ಲಿ ಚಹಾದ ಲೋಟವನ್ನು ತುಳುಕದಂತೆ ಹಿಡಿಯುವ ತಮ್ಮ ಅಪರೂಪದ ಕೌಶಲ್ಯಕ್ಕೂ ನನ್ನ ತುಂಬುಹೃದಯದ ವಂದನೆಗಳು. ನಿನ್ನೆ ತಮ್ಮ ಕಚೇರಿಯಿಂದ ಬಂದ ದಪ್ಪ ಲಕೋಟೆಯ ಮೇಲೆ ‘ವರ್ಷದ ಆದರ್ಶ ಜೋಡಿ’ ಎಂಬ ಹೊಳೆಯುವ ಅಕ್ಷರಗಳನ್ನು ಕಂಡು, ಮದುವೆಯಾಗಿ ಇನ್ನೂ ಐದೇ ತಿಂಗಳಾಗಿರುವ ನಾನು, ಅಂತೂ ಈ ಬಡಾವಣೆಗೆ ನಮ್ಮ ವಿಷಯ ತಿಳಿಯಿತಲ್ಲ ಎಂದು ಹಿಗ್ಗಿ, ನನ್ನವರನ್ನು ಮೈಮೇಲಿನ ಸೋಪಿನ ಸಮೇತ ಸ್ನಾನದ ಮನೆಯಿಂದ ಹೊರಗೆ ಕರೆದೆ. ಒಡೆದು ಓದಿದರೆ ಆ ಜೋಡಿ ನಾನು ಮತ್ತು ನನ್ನವರಲ್ಲ; ನಾನು ಮತ್ತು ನನ್ನವರ ತಂಗಿ. ನೂರಕ್ಕೆ ನೂರು ಹಾಜರಾತಿ, ಸೊನ್ನೆ ಪ್ರಯಾಣದೂರ, ಒಂದೇ ಒಂದು ದೂರೂ ಇಲ್ಲ ಎಂಬ ಮೂರು ಕಾರಣಗಳಿಗಾಗಿ ನಮ್ಮಿಬ್ಬರನ್ನು ಮುಂದಿನ ಭಾನುವಾರ ವೇದಿಕೆಗೆ ಕರೆದು ಪ್ರಮಾಣಪತ್ರ ಕೊಡುತ್ತೀರಂತೆ.

ಮೊದಲ ಎರಡು ಕಾರಣಗಳನ್ನು ವಿನಯದಿಂದ ಒಪ್ಪುತ್ತೇನೆ. ಮೂರನೆಯದರ ಬಗ್ಗೆ ಮಾತ್ರ ಒಂದು ಸಣ್ಣ ತಿದ್ದುಪಡಿ ಇದೆ. ನಾನು ತಮ್ಮೆದುರು ನಿಂತು ನಾಲ್ಕು ಸಲ ದೂರಿದ್ದೇನೆ. ಅವು ಬಾಯಿಮಾತಿನವಾದ್ದರಿಂದ ತಮ್ಮ ದಾಖಲೆಯಲ್ಲಿ ಸೇರಿಲ್ಲವೆಂದು ಕಾಣುತ್ತದೆ. ನಾನು ಓದಿದ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ದೂರಿನ ಪತ್ರವನ್ನು ಹತ್ತು ಸಾಲಿನೊಳಗೆ ಮುಗಿಸುವುದನ್ನು ಕಲಿಸಿದ್ದರು. ಇದು ಹತ್ತು ಸಾಲಿಗೆ ಮುಗಿಯಬಾರದೆಂಬ ಆಸೆಯಿಂದಲೇ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಮತ್ತು ತಾವು ಓದದೇ ಹೋದರೆ ಬೇರೆಯವರಾದರೂ ಓದಲೆಂದು ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಾನು ತಮ್ಮ ಸೇವೆಗೆ ಸೇರಿದ್ದು ಮದುವೆಯಾದ ಎರಡು ತಿಂಗಳಿಗೆ. ಆಗ ನನ್ನ ಸಂತೋಷ ಎಷ್ಟಿತ್ತೆಂದರೆ ಮನೆಯಲ್ಲಿ ಇಟ್ಟುಕೊಳ್ಳಲು ಜಾಗ ಸಾಲದೆ, ದಾರಿಯಲ್ಲಿ ಸಿಕ್ಕವರಿಗೆಲ್ಲ ಸ್ವಲ್ಪ ಸ್ವಲ್ಪ ಹಂಚಿಬಿಡೋಣ ಅನ್ನಿಸುತ್ತಿತ್ತು. ಅಂಥ ಹೊತ್ತಿನಲ್ಲಿ ಲೈಬ್ರರಿಯ ಬಾಗಿಲಲ್ಲಿ ತಮ್ಮವರು ಮೇಜು ಹಾಕಿಕೊಂಡು, “ಮೇಡಂ, ವಾರಕ್ಕೊಂದು ಗಂಟೆ, ಒಂದು ಎಳೆಯ ಜೀವಕ್ಕೆ” ಎಂದರೆ ಬೇಡವೆನ್ನಲಾದೀತೇ? ನಾನು ಚಿಕಿತ್ಸಾಲಯವೊಂದರಲ್ಲಿ ಜನರ ಕಿವಿ ಪರೀಕ್ಷಿಸುವ ಕೆಲಸದವಳು. ಕೇಳಿಸಿಕೊಳ್ಳುವುದು ನನಗೆ ಬರುತ್ತದೆಂಬ ಧೈರ್ಯವೂ ಇತ್ತು. ತಮ್ಮ ಮೂರು ಪುಟದ ಫಾರಂನಲ್ಲಿ ನನ್ನ ಹವ್ಯಾಸ, ನನ್ನ ನೆಚ್ಚಿನ ಬಣ್ಣ, ನನಗೆ ಕೋಪ ಬಂದಾಗ ನಾನೇನು ಮಾಡುತ್ತೇನೆ, ನಾನು ಮರವಾಗಿದ್ದರೆ ಯಾವ ಮರವಾಗಿರುತ್ತಿದ್ದೆ ಎಂಬುದನ್ನೆಲ್ಲ ಒಂದೂವರೆ ಗಂಟೆ ಕುಳಿತು ತುಂಬಿದೆ. ಇವುಗಳಲ್ಲಿ ತಮ್ಮ ಕಂಪ್ಯೂಟರು ಓದುವುದು ವಿಳಾಸವೊಂದನ್ನೇ ಎಂದು ಆಮೇಲೆ ತಿಳಿಯಿತು. ಹೋದ ವರ್ಷ ಸ್ವಯಂಸೇವಕರು ದೂರವಾಯಿತೆಂದು ಗೊಣಗಿದ್ದರಿಂದ ಈ ವರ್ಷ ಪ್ರತಿಯೊಬ್ಬರಿಗೂ ಅವರವರ ಮನೆಗೆ ಅತಿ ಹತ್ತಿರದ ಕಿರಿಯರನ್ನೇ ಜೋಡಿಸಬೇಕೆಂದು ಅದಕ್ಕೆ ಹೇಳಿಟ್ಟಿದ್ದಿರಂತೆ. ಅದು ನಿಷ್ಠೆಯಿಂದ ಹುಡುಕಿ, ನನ್ನಿಂದ ಸೊನ್ನೆ ಮೀಟರ್ ದೂರದಲ್ಲಿದ್ದ ಒಬ್ಬಳನ್ನು ಕಂಡುಹಿಡಿಯಿತು. ಇದಕ್ಕಿಂತ ಹತ್ತಿರದವರನ್ನು ಹುಡುಕಿ ಕೊಡಬಲ್ಲ ಸಂಸ್ಥೆ ಈ ಭೂಮಿಯ ಮೇಲೆ ಇನ್ನೊಂದಿಲ್ಲ, ಮಾನ್ಯರೇ.

ನನ್ನ ನಾದಿನಿಗೆ ಹದಿನೇಳು ವರ್ಷ. ಅವಳು ಅದೇ ವಾರ ತನ್ನ ಕಾಲೇಜಿನಲ್ಲಿ ಕಿರಿಯರ ಫಾರಂ ತುಂಬಿದ್ದಳು. ನಾನು ಅವಳಿಗೆ ಹೇಳಿರಲಿಲ್ಲ, ಅವಳು ಯಾರಿಗೂ ಹೇಳಿರಲಿಲ್ಲ. ‘ಯಾವ ವಿಷಯ ಮಾತಾಡಲು ಬಯಸುವಿರಿ?’ ಎಂಬಲ್ಲಿ ‘ಮನೆಯವರಿಗೆ ಹೇಳಲಾಗದ ಒಂದು ವಿಷಯ’ ಎಂದು ಬರೆದಿದ್ದಳು. ‘ಎಂಥ ಮಾರ್ಗದರ್ಶಕರು ಬೇಕು?’ ಎಂಬಲ್ಲಿ ‘ನಮ್ಮ ಮನೆಯವರ ಪರಿಚಯ ಇಲ್ಲದವರು’ ಎಂದು ಬರೆದು, ಅಡಿಗೆರೆಯನ್ನೂ ಎಳೆದಿದ್ದಳು. ತಾವು ಅವಳಿಗೆ ಒದಗಿಸಿದ್ದು ಅವಳ ಅಣ್ಣನ ಹೆಂಡತಿಯನ್ನು.

ಮೊದಲ ಶನಿವಾರ ಬೆಳಿಗ್ಗೆ ನಾವಿಬ್ಬರೂ ಒಂದೇ ಮೇಜಿನಲ್ಲಿ ತಿಂಡಿ ತಿಂದೆವು. ನಾನು ಟೈಲರ್ ಹತ್ತಿರ ಹೋಗಿಬರುತ್ತೇನೆಂದು ಹೇಳಿದೆ, ಏಕೆಂದರೆ ಸೇವೆಯ ಬಗ್ಗೆ ಡಂಗುರ ಸಾರಬಾರದು ಎಂದು ತಮ್ಮ ಕೈಪಿಡಿ ಹೇಳುತ್ತದೆ. ಅವಳು ಲೈಬ್ರರಿಗೆ ಹೋಗುತ್ತೇನೆಂದಳು. ಮಧ್ಯಾಹ್ನ ಎರಡು ಗಂಟೆಗೆ ನಾನು ಎದೆಗೆ ನಲವತ್ತೊಂದು ಎಂಬ ಚೀಟಿ ಚುಚ್ಚಿಕೊಂಡು ತಮ್ಮ ಹಾಲ್‌ನ ಈ ಬಾಗಿಲಿಂದ ಒಳಗೆ ಬಂದರೆ, ನಲವತ್ತೊಂದು ಎಂಬ ಚೀಟಿ ಚುಚ್ಚಿಕೊಂಡು ಆ ಬಾಗಿಲಿಂದ ಅವಳು ಒಳಗೆ ಬಂದಳು. ಮಡಚಿಟ್ಟ ಟೇಬಲ್ ಟೆನಿಸ್ ಮೇಜಿನ ಪಕ್ಕದಲ್ಲಿ ನಮ್ಮ ಎರಡು ಪ್ಲಾಸ್ಟಿಕ್ ಕುರ್ಚಿಗಳು ಎದುರುಬದುರಾಗಿ ಕಾಯುತ್ತಿದ್ದವು. ಅವಳು ನನ್ನ ಚೀಟಿಯನ್ನು ನೋಡಿದಳು, ನನ್ನ ಮುಖ ನೋಡಿದಳು, ಮತ್ತೆ ಚೀಟಿ ನೋಡಿದಳು. ಆಮೇಲೆ ಮೆಲ್ಲಗೆ, “ಇಲ್ಲಿ ಬಟ್ಟೆ ಹೊಲೀತಾರಾ?” ಎಂದಳು. “ಹೊಲೀತಾರೆ, ನಿಮ್ಮ ಲೈಬ್ರರಿ ಪಕ್ಕದಲ್ಲೇ” ಎಂದೆ. ಇಬ್ಬರಿಗೂ ಬಂದ ನಗು ಅರ್ಧದಲ್ಲೇ ನಿಂತಿತು, ಯಾಕೆಂದರೆ ಅವಳ ಕಣ್ಣು ತುಂಬಿಬಿಟ್ಟಿತ್ತು. ಅವಳು ಎರಡು ತಿಂಗಳಿಂದ ಕೂಡಿಟ್ಟುಕೊಂಡ ಮಾತು ಈಗ ಬಾಯಿಯವರೆಗೆ ಬಂದು, ಎದುರಿಗೆ ಮನೆಯೇ ಬಂದು ಕುಳಿತಿದ್ದನ್ನು ಕಂಡು ಹಿಂದಕ್ಕೆ ಹೋಯಿತು.

ನಾನು ಎದ್ದು ತಮ್ಮಲ್ಲಿಗೆ ಬಂದೆ. ತಮ್ಮ ಕೋಣೆಯಲ್ಲಿ ಎರಡು ಮೇಜುಗಳಿವೆ: ಎಡಗಡೆಯದು ಜೋಡಣೆಯದು, ಅಲ್ಲಿ ತಾವು, ಬಲಗಡೆಯದು ದೃಢೀಕರಣದ್ದು, ಅಲ್ಲಿ ಮೊಹರಿನವರು. ನಾನು ತಮಗೆ, ಸ್ವಾಮಿ, ಇವಳು ನನ್ನ ನಾದಿನಿ, ದಯವಿಟ್ಟು ಬೇರೆ ಯಾರನ್ನಾದರೂ ಕೊಡಿ ಎಂದೆ. ತಾವು ಹೂವಿನ ಬಟ್ಟೆ ಸರಿಸಿ, ಪರದೆಯನ್ನು ಬಹಳ ಹೊತ್ತು ನೋಡಿ, “ಇಲ್ಲಿ ಸಂಬಂಧಿಕರ ಪಟ್ಟಿ ಇದೆಯಮ್ಮ. ತಂದೆ, ತಾಯಿ, ಅಜ್ಜ, ಅಜ್ಜಿ, ಅಕ್ಕ, ಅಣ್ಣ. ಅತ್ತಿಗೆ ಅಂತ ಎಲ್ಲೂ ಇಲ್ಲ. ಅಂದಮೇಲೆ ನೀವು ಸಂಬಂಧಿಕರಲ್ಲ” ಎಂದಿರಿ. ನಾನು, ಐನೂರು ಜನರ ಎದುರು ಮದುವೆಯಾಗಿದ್ದೇನೆ ಸ್ವಾಮಿ ಎಂದೆ. “ನೀವು ಮದುವೆಯಾಗಿದ್ದು ಅವಳನ್ನಲ್ಲವಲ್ಲ” ಎಂದಿರಿ. ಎಂಥ ಹರಿತವಾದ ಬುದ್ಧಿ! ಈಗ ಜೋಡಿ ಮುರಿದರೆ ಹುಡುಗಿ ಕಾಯುವವರ ಪಟ್ಟಿಯ ಕೊನೆಗೆ ಹೋಗುತ್ತಾಳೆ, ಈ ವರ್ಷ ಅವಳ ಸರದಿ ಬರುವುದಿಲ್ಲ ಎಂದೂ ತಿಳಿಸಿದಿರಿ. ಹಿಂದಿರುಗಿ ಬಂದು ಅವಳಿಗೆ ಇದನ್ನು ಹೇಳಿದಾಗ ಅವಳು ಕಣ್ಣೊರೆಸಿಕೊಂಡು, “ಹೋಗ್ಲಿ ಬಿಡಿ, ಹೇಗೂ ನಿಮಗೂ ಆ ಮನೆ ಹೊಸದೇ ತಾನೆ” ಎಂದಳು. ಅಷ್ಟರಮಟ್ಟಿಗೆ ತಮ್ಮ ಪಟ್ಟಿಯೂ ಅವಳೂ ಒಂದೇ ಅಭಿಪ್ರಾಯದವರಾಗಿದ್ದರು.

ಆಮೇಲೆ ತಮ್ಮ ನಿಯಮಗಳು ಶುರುವಾದವು. ಕಿರಿಯರನ್ನು ಅವರ ಮನೆಯಲ್ಲಿ ಭೇಟಿಯಾಗುವಂತಿಲ್ಲ. ಆದ್ದರಿಂದ ಒಂದೇ ಮನೆಯಿಂದ ಹತ್ತು ನಿಮಿಷದ ಅಂತರದಲ್ಲಿ ಹೊರಟು, ರಸ್ತೆಯ ಎರಡು ಬದಿಯಲ್ಲಿ ನಡೆದು, ತಮ್ಮ ಹಾಲ್‌ನಲ್ಲಿ ಕುಳಿತು ಮಾತಾಡಿ, ಹಾಗೆಯೇ ಬೇರೆಬೇರೆಯಾಗಿ ಹಿಂದಿರುಗುತ್ತಿದ್ದೆವು. ಇನ್ನೊಂದು ನಿಯಮ, ಕಿರಿಯರು ಹೇಳಿದ್ದನ್ನು ಅವರ ಮನೆಯವರಿಗೆ ತಿಳಿಸುವುದಿಲ್ಲವೆಂದು ಮಾರ್ಗದರ್ಶಕರು ಪ್ರತಿಜ್ಞೆ ಮಾಡಿ ಸಹಿ ಹಾಕಬೇಕು. ಸಹಿ ಹಾಕಿದೆ. ಅವಳ ಮನೆಯವರೆಂದರೆ ನನ್ನವರು. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರು ಸೀನಿದರೂ ಮನೆಗೆ ಬಂದು ಅವರಿಗೆ ವರದಿ ಒಪ್ಪಿಸುವ ನನ್ನಂಥವಳಿಗೆ ಇದು ಎಂಥ ಶಿಕ್ಷೆಯೆಂದು ತಮ್ಮ ಕೈಪಿಡಿ ಊಹಿಸಿರಲಾರದು. ನಾಲ್ಕನೇ ಶನಿವಾರ ನನ್ನವರು, “ಅಲ್ಲ ಮಾರಾಯ್ತಿ, ತಿಂಗಳಿಂದ ಟೈಲರ್ ಹತ್ತಿರ ಹೋಗ್ತಿದೀಯ, ಒಂದು ಗುಂಡಿಯಾದ್ರೂ ಬಂತಾ ಮನೆಗೆ?” ಎಂದರು. ನಾನು ಕೆಂಪಾದೆ. ಅವರ ಹುಟ್ಟುಹಬ್ಬಕ್ಕೆ ಏನೋ ಗುಟ್ಟಾಗಿ ಹೊಲಿಸುತ್ತಿದ್ದೇನೆಂದು ಅವರೇ ತೀರ್ಮಾನಿಸಿ, ಆ ಮುದ್ದು ಮನುಷ್ಯ ಅಂದಿನಿಂದ ಏನೂ ಗೊತ್ತಿಲ್ಲದವರಂತೆ ನಟಿಸುತ್ತ, ಆಗಾಗ ತಮ್ಮ ಭುಜದ ಅಳತೆಯನ್ನು ನನಗೆ ಕೇಳಿಸುವಂತೆ ಹೇಳಿಕೊಳ್ಳುತ್ತ ಓಡಾಡಿದರು. ಆ ಹುಟ್ಟುಹಬ್ಬದ ದಿನ ನನಗಾದ ಅವಮಾನವನ್ನು ತಮ್ಮ ಲೆಕ್ಕಕ್ಕೇ ಬರೆಯುತ್ತಿದ್ದೇನೆ.

ಆದರೆ ಆ ಶನಿವಾರಗಳಲ್ಲಿ ಅವಳು ಬಾಯಿಬಿಟ್ಟಳು. ಎರಡನೇ ವಾರ ಸ್ವಲ್ಪ, ಮೂರನೇ ವಾರ ಪೂರ್ತಿ. ಅವಳಿಗೆ ಕ್ರೇನ್ ನಡೆಸುವುದನ್ನು ಕಲಿಯಬೇಕಂತೆ. ಹತ್ತಾರು ಮಹಡಿಯ ಕಟ್ಟಡಗಳ ಪಕ್ಕದಲ್ಲಿ ನಿಂತಿರುತ್ತದಲ್ಲ, ಕಬ್ಬಿಣದ ಗೋಪುರ, ಅದರ ತುದಿಯ ಪುಟ್ಟ ಗಾಜಿನ ಕೋಣೆಯಲ್ಲಿ ಕುಳಿತು ಕೆಳಗಿನ ಕಂಬಿ ತೊಲೆಗಳನ್ನು ಎತ್ತಿ ಮೇಲಿಡುವ ಕೆಲಸ. ಅವಳ ಅಪ್ಪ, ಎಂದರೆ ನಮ್ಮ ಮಾವ, ಔಷಧಿ ಅಂಗಡಿಯವರು. ಮಗಳು ಔಷಧಿಶಾಸ್ತ್ರ ಓದಿ ಅಂಗಡಿಯ ಕೌಂಟರಿಗೆ ಬರುತ್ತಾಳೆಂದು ಅವಳು ಹುಟ್ಟಿದ ವಾರದಲ್ಲೇ ನಿಶ್ಚಯಿಸಿ, ಈಗಾಗಲೇ ಅವಳ ಅಳತೆಗೆ ಒಂದು ಎತ್ತರದ ಸ್ಟೂಲನ್ನೂ ಮಾಡಿಸಿಟ್ಟಿದ್ದಾರೆ. ಕ್ರೇನೇ ಯಾಕೆ ಎಂದು ಕೇಳಿದೆ. “ಅಲ್ಲಿ ಒಬ್ಬರೇ ಕೂತಿರ್ತಾರೆ. ನಮ್ಮನೇಲಿ ನಾನು ಬಾಗಿಲು ಹಾಕಿದ್ರೆ ಎರಡು ನಿಮಿಷಕ್ಕೆ ಯಾರಾದ್ರೂ ತಟ್ಟಿ ಏನ್ ಮಾಡ್ತಿದೀಯ ಅಂತಾರೆ. ಅಲ್ಲಿ ಬಾಗಿಲು ತಟ್ಟೋಕೆ ನೂರೈವತ್ತು ಮೆಟ್ಟಿಲು ಹತ್ತಬೇಕು, ಯಾರು ಬರ್ತಾರೆ?” ಎಂದಳು. ಆಮೇಲೆ ಗಂಭೀರಳಾಗಿ, ಭಾರದ ವಸ್ತು ಗಾಳಿಗೆ ತೂಗಾಡದಂತೆ ಇಳಿಸುವುದು ಹೇಗೆಂದು ನನ್ನ ಪೆನ್ನಿಗೆ ತನ್ನ ರಿಬ್ಬನ್ ಕಟ್ಟಿ ತೋರಿಸಿದಳು. ಆ ಪೆನ್ನು ತಮ್ಮ ಹಾಲ್‌ನ ನೆಲಕ್ಕೆ ಎಷ್ಟು ಮೆತ್ತಗೆ ಇಳಿಯಿತೆಂದರೆ ಸದ್ದೇ ಆಗಲಿಲ್ಲ. ಕಿವಿಯ ಕೆಲಸದವಳಾಗಿ ಹೇಳುತ್ತಿದ್ದೇನೆ, ಸದ್ದೇ ಆಗಲಿಲ್ಲ.

ಕ್ರೇನ್ ತರಬೇತಿ ಶಾಲೆಯ ಅರ್ಜಿಗೆ ಹದಿನೆಂಟು ತುಂಬದವರು ಪೋಷಕರ ಸಹಿ ತರಬೇಕು. ಇಲ್ಲವೇ ತಮ್ಮಂಥ ಸೇವೆಯ ಮಾರ್ಗದರ್ಶಕರು ಆರು ಭೇಟಿಗಳ ನಂತರ ಬರೆದ, ತಮ್ಮ ಮೊಹರು ಬಿದ್ದ ಪತ್ರ ತರಬೇಕು. ಅವಳು ತಮ್ಮಲ್ಲಿಗೆ ಬಂದದ್ದೇ ಆ ಪತ್ರಕ್ಕಾಗಿ. ಕೊನೆಯ ದಿನವೆಂದರೆ ನಮ್ಮ ಆರನೇ ಶನಿವಾರ, ಸಂಜೆ ಐದು ಗಂಟೆ. ನಾನು ಎರಡು ಪುಟದ ಪತ್ರ ಬರೆದೆ, ನನ್ನ ಜೀವನದಲ್ಲಿ ಮದುವೆಗೆ ಮುಂಚೆ ನನ್ನವರಿಗೆ ಬರೆದ ಕಾಗದಗಳನ್ನು ಬಿಟ್ಟರೆ ಅಷ್ಟು ಮನಸ್ಸಿಟ್ಟು ಇನ್ನೇನನ್ನೂ ಬರೆದಿಲ್ಲ. ಮೂರು ಗಂಟೆಗೆ ಇಬ್ಬರೂ ತಮ್ಮ ಕೋಣೆಯ ಬಲಗಡೆಯ ಮೇಜಿನ ಮುಂದೆ ನಿಂತೆವು.

ಮೊಹರಿನವರು ಒಳ್ಳೆಯವರು, ಇದನ್ನು ದಾಖಲಿಸಿಕೊಳ್ಳಿ. ಅವರು ಮೊಹರನ್ನು ಇಂಕಿಗೆ ಒತ್ತಿಯೂ ಆಗಿತ್ತು. ಆಗ ಅವರ ಕಣ್ಣಿಗೆ ನಮ್ಮಿಬ್ಬರ ವಿಳಾಸಗಳು ಬಿದ್ದವು. “ಎರಡೂ ಒಂದೇ ಮನೆ ಇದೆಯಲ್ಲಮ್ಮ. ಮನೆಯವರ ಪತ್ರಕ್ಕೆ ಮೊಹರು ಹಾಕೋ ಹಾಗಿಲ್ಲ” ಎಂದರು. ನಾನು ಎಡಗಡೆಗೆ ತಿರುಗಿ ತಮ್ಮನ್ನು ನೋಡಿದೆ. ತಾವು ಹೂವಿನ ಬಟ್ಟೆಯ ಅಂಚನ್ನು ಸರಿಪಡಿಸುತ್ತಿದ್ದಿರಿ. ನಾಲ್ಕು ಹೆಜ್ಜೆ ಎಡಕ್ಕೆ ಬಂದರೆ ನಾನು ಆ ಮನೆಗೆ ಏನೂ ಅಲ್ಲ, ಆದ್ದರಿಂದ ಜೋಡಿ ಮುರಿಯುವಂತಿಲ್ಲ. ನಾಲ್ಕು ಹೆಜ್ಜೆ ಬಲಕ್ಕೆ ಹೋದರೆ ನಾನು ಅಪ್ಪಟ ಮನೆಯವಳು, ಆದ್ದರಿಂದ ಪತ್ರ ನಡೆಯುವಂತಿಲ್ಲ. ಇದನ್ನು ತಮಗೆ ಹೇಳಿದೆ. “ಅದು ಅವರ ಮೇಜು, ಇದು ನನ್ನ ಮೇಜು” ಎಂದಿರಿ. ಮಾನ್ಯರೇ, ದೇಶಗಳ ನಡುವಿನ ಗಡಿಯನ್ನೂ ಯಾರೂ ಇಷ್ಟು ನಿಷ್ಠೆಯಿಂದ ಕಾಯುವುದಿಲ್ಲ.

ಮೊಹರಿನವರಿಗೆ ಮಾತ್ರ ಮನಸ್ಸು ಕರಗಿತು. ಅವರು ದನಿ ತಗ್ಗಿಸಿ, ಅವಳನ್ನೇ ನೋಡುತ್ತ, “ನೋಡು ಮಗಳೇ, ಮಹಡಿ ಮೇಲೆ ಬಾಡಿಗೆಗೆ ಇರೋರದ್ದೂ ಅದೇ ವಿಳಾಸ ಬರುತ್ತೆ. ಇವರು ನಿನಗೆ ಏನಾಗ್ಬೇಕು? ಯೋಚಿಸಿ ಹೇಳು” ಎಂದರು. ಮೊಹರು ಅವರ ಕೈಯಲ್ಲೇ ಇತ್ತು. ನಾನು ಹಿಂದಿನಿಂದ ಅವಳ ಬೆನ್ನಿಗೆ ಬೆರಳಿನಿಂದ ಚುಚ್ಚಿದೆ. ಬಾಡಿಗೆಯವರು ಅನ್ನೇ, ಯಾರೋ ಅನ್ನೇ, ಏನೂ ಆಗಬೇಕಿಲ್ಲ ಅನ್ನೇ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಅವಳು, “ನಮ್ಮ ಅತ್ತಿಗೆ” ಎಂದಳು.

ಮದುವೆಯಾದಂದಿನಿಂದ ಅವಳು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು. ಅದುವರೆಗೆ ನಾನು ಅವಳಿಗೆ ‘ಇಲ್ಲಿ ನೋಡಿ’, ‘ಸ್ವಲ್ಪ ಕೇಳಿ’, ಹೆಚ್ಚೆಂದರೆ ‘ಇವರೇ’. ಮೊಹರಿನವರು ಇಂಕಿನ ಡಬ್ಬಿಯ ಮುಚ್ಚಳ ಹಾಕಿದರು. ನನಗೆ ಕುಣಿಯಬೇಕೋ ಅಳಬೇಕೋ ತಿಳಿಯದೆ, ತಮ್ಮ ಕೋಣೆಯ ಮಧ್ಯದಲ್ಲಿ, ಎರಡೂ ಮೇಜುಗಳಿಗೆ ಸೇರದ ಜಾಗದಲ್ಲಿ ನಿಂತುಬಿಟ್ಟೆ. ಐದು ಗಂಟೆ ಆಯಿತು. ಆ ಸಾಲಿನ ಸೀಟು ಹೋಯಿತು.

ಅಂದು ನಾವು ರಸ್ತೆಯ ಒಂದೇ ಬದಿಯಲ್ಲಿ ನಡೆದು ಮನೆಗೆ ಹೋದೆವು. “ಯಾಕೇ ಹಾಗಂದೆ? ಬಾಡಿಗೆಯವರು ಅಂದಿದ್ರೆ ಬಾಯಿ ಸವೆದು ಹೋಗ್ತಿತ್ತಾ?” ಎಂದು ಬೈದೆ. “ಆರು ವಾರದಿಂದ ಮನೇಲಿ ಸುಳ್ಳು ಹೇಳಿ ಹೇಳಿ ಸಾಕಾಗಿದೆ ಅತ್ತಿಗೆ. ಸಹಾಯ ಮಾಡ್ತೀವಿ ಅಂತ ಬೋರ್ಡ್ ಹಾಕಿರೋ ಕಡೆನೂ ಸುಳ್ಳೇ ಹೇಳ್ಬೇಕಾ?” ಎಂದಳು. ಈ ಪ್ರಶ್ನೆಗೆ ಉತ್ತರ ಬಲ್ಲವರು ಯಾವ ಮೇಜಿನಲ್ಲಿ ಕೂರುತ್ತಾರೆ ಎಂದು ದಯವಿಟ್ಟು ತಿಳಿಸಿ.

ನಾನು ಮನೆಯವಳೆಂದು ತಮ್ಮ ಕಚೇರಿಯೇ ಅಧಿಕೃತವಾಗಿ ತೀರ್ಮಾನಿಸಿದ ಮೇಲೆ, ಮನೆಯವರಿಗೆ ಹೇಳುವುದಿಲ್ಲವೆಂಬ ಪ್ರತಿಜ್ಞೆಗೆ ಅರ್ಥ ಉಳಿಯಲಿಲ್ಲ. ಅವಳೂ ಸರಿ ಎಂದಳು. ಮರುದಿನ ಮಧ್ಯಾಹ್ನ ಊಟದ ಮೇಜಿನಲ್ಲಿ, ಅವಳು ಪಕ್ಕದಲ್ಲಿ ಕುಳಿತಿರುವಾಗ, ಮಾವನವರಿಗೆ ಎಲ್ಲವನ್ನೂ ಹೇಳಿದೆ. ಅತ್ತೆ ಚಮಚ ಕೆಳಗಿಟ್ಟರು. ನನ್ನವರು, “ಹಾಗಾದ್ರೆ ಆ ಟೈಲರ್…” ಎಂದು ಆರಂಭಿಸಿ ನನ್ನ ಮುಖ ನೋಡಿ ಇನ್ನೊಂದು ಸೌಟು ಸಾರು ಬಡಿಸಿಕೊಂಡರು. ಮಾವ, “ಕ್ರೇನಾ? ನಮ್ಮ ಅಂಗಡಿಗಿಂತ ಅದು ಮೇಲಾ?” ಎಂದರು. “ಮೇಲೇ ಅಪ್ಪ. ನಲವತ್ತು ಮೀಟರ್ ಮೇಲೆ” ಎಂದಳು. ಅವರು ನಗಲಿಲ್ಲ, ಬೈಯಲೂ ಇಲ್ಲ. ಎರಡು ದಿನ ಅವಳೊಂದಿಗೆ ಮಾತಾಡಲಿಲ್ಲ. ನನ್ನೊಂದಿಗೂ ಇಲ್ಲ; ನನ್ನ ಪಾಲಿಗೆ ಮನೆಯವಳಾಗಿ ಸಿಕ್ಕ ಮೊದಲ ಮುನಿಸು ಅದು.

ಇಷ್ಟೆಲ್ಲ ಆದಮೇಲೆ ಪ್ರಶಸ್ತಿಗೆ ಬದಲಾಗಿ ತಮ್ಮಲ್ಲಿ ನನ್ನ ಕೆಲವು ಸಣ್ಣ ಕೋರಿಕೆಗಳಿವೆ. ಎರಡು ಮೇಜುಗಳ ನಡುವಿನ ಆ ಜಾಗವನ್ನು ಅಳೆದು, ಅಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿ, ಅದನ್ನು ನನ್ನ ಹೆಸರಿಗೆ ಬರೆದುಕೊಡಿ. ಸಂಬಂಧಿಕರೂ ಅಲ್ಲದ, ಅಪರಿಚಿತರೂ ಅಲ್ಲದವರು ಬಂದಾಗ ಅಲ್ಲಿ ಕೂರಿಸಬಹುದು. ತಮ್ಮ ಕಂಪ್ಯೂಟರನ್ನು ಒಂದು ದಿನ ಹೂವಿನ ಬಟ್ಟೆಯ ಸಮೇತ ನಮ್ಮ ಮನೆಗೆ ಕಳುಹಿಸಿ. ನಮ್ಮತ್ತೆ ಅದಕ್ಕೆ ಹದಿನೈದು ನಿಮಿಷದಲ್ಲಿ ಅತ್ತಿಗೆ, ನಾದಿನಿ, ಷಡ್ಡಕ, ವಾರಗಿತ್ತಿ, ಬೀಗರು ಎಲ್ಲವನ್ನೂ ಬಾಯಿಪಾಠ ಮಾಡಿಸಿ ಕಳುಹಿಸುತ್ತಾರೆ. ಹೋದ ಸೀಟನ್ನು, ಆ ಶನಿವಾರದ ಮೂರರಿಂದ ಐದು ಗಂಟೆಯವರೆಗಿನ ಹೊತ್ತನ್ನು ಹಿಂದಕ್ಕೆ ತಿರುಗಿಸಿ, ವಾಪಸು ಕೊಡಿ. ಗಡಿಯಾರ ನಿಂತೇ ಇರುವುದರಿಂದ ತಮಗೆ ಇದು ಕಷ್ಟವಾಗಲಾರದು. ಕೊನೆಯದಾಗಿ, ಯಾವುದಾದರೂ ಬಿಡುವಿನ ದಿನ ನನ್ನ ಚಿಕಿತ್ಸಾಲಯಕ್ಕೆ ಬನ್ನಿ. ತಮ್ಮ ಎರಡೂ ಕಿವಿಗಳನ್ನು ನಾನೇ ಪರೀಕ್ಷಿಸುತ್ತೇನೆ. ಅವುಗಳಲ್ಲಿ ಯಾವ ದೋಷವೂ ಸಿಗುವುದಿಲ್ಲವೆಂಬ ಭಯ ಮಾತ್ರ ನನಗಿದೆ.

ಪ್ರಮಾಣಪತ್ರವನ್ನು ಪಡೆಯಲು ನಾವು ಬರುವುದಿಲ್ಲ. ಆ ಭಾನುವಾರ ನಮಗೆ ಬೇರೆ ಕೆಲಸವಿದೆ. ತರಬೇತಿ ಶಾಲೆಯ ಮುಂದಿನ ಸಾಲು ಆರು ತಿಂಗಳಿಗೆ. ಅದರ ಹೊಸ ಅರ್ಜಿಯನ್ನು ಅವಳು ತಂದು, ಪೋಷಕರ ಸಹಿಯ ಜಾಗಕ್ಕೆ ಪೆನ್ಸಿಲಿನಿಂದ ಗುರುತು ಹಾಕಿ, ಅಪ್ಪನ ಅಂಗಡಿಯ ಕೌಂಟರಿನ ಮೇಲೆ ಇಟ್ಟು ಬಂದಿದ್ದಾಳೆ. ಸಹಿ ಇನ್ನೂ ಬಿದ್ದಿಲ್ಲ. ಬೀಳುತ್ತದೆಂದು ನಾನು ಹೇಳಲಾರೆ. ಆದರೆ ಅರ್ಜಿಯನ್ನು ಅವರು ವಾಪಸು ಕಳುಹಿಸಿಲ್ಲ. ಮೊನ್ನೆ ಕೆಮ್ಮಿನ ಔಷಧಿಗೆಂದು ಬಂದ ಮೇಸ್ತ್ರಿಯೊಬ್ಬರನ್ನು ಹಿಡಿದು ನಿಲ್ಲಿಸಿಕೊಂಡು, “ಆ ಕ್ರೇನು, ಗಾಳಿ ಜೋರಾದ್ರೆ ಅಲ್ಲಾಡುತ್ತಾ? ಮೇಲೆ ಕೂತೋರಿಗೆ ಊಟ ಹೇಗೆ ಹೋಗುತ್ತೆ? ಒಳಗಡೆ ಫ್ಯಾನ್ ಇದೆಯಾ?” ಎಂದು ಒಂದರ ಮೇಲೊಂದು ಕೇಳುತ್ತಿದ್ದರಂತೆ. ಮೇಸ್ತ್ರಿ ಔಷಧಿ ಮರೆತು ಹೊರಟುಹೋದರಂತೆ. ಅವರೇ ಬಾಯಿಬಿಟ್ಟು, ಆ ಭಾನುವಾರ ಕಟ್ಟಡವೊಂದರ ಕೆಳಗೆ ನಿಂತು ಕ್ರೇನನ್ನು ಒಮ್ಮೆ ನೋಡಿ ಬರೋಣ ಎಂದಿದ್ದಾರೆ. ಅವರು, ಅವಳು, ನಾನು.

ಮಗಳ ಮೇಲೆ ಮುನಿಸಿಕೊಂಡ ಒಬ್ಬ ಔಷಧಿ ಅಂಗಡಿಯವರು ಎರಡೇ ವಾರದಲ್ಲಿ ಅವಳ ಕೆಲಸದ ಬಗ್ಗೆ ಅಷ್ಟು ಪ್ರಶ್ನೆ ಕೇಳಿದ್ದಾರೆ, ಮಾನ್ಯರೇ. ಯುವಜನರಿಗೆಂದೇ ತೆರೆದ ತಮ್ಮ ಕಚೇರಿ ಆರು ವಾರಗಳಲ್ಲಿ ಅವಳನ್ನು ಕೇಳಿದ್ದು ಒಂದೇ ಒಂದು ಪ್ರಶ್ನೆ. ಅದಕ್ಕೆ ಅವಳು ನಿಜ ಹೇಳಿದಳು.

ಇಂತು, ಎಡಗಡೆಯ ಮೇಜಿನ ಮಟ್ಟಿಗೆ ಯಾರೂ ಅಲ್ಲದೆ,
ತಮ್ಮ ವಿಶ್ವಾಸಿ,
ಅವಳ ಅತ್ತಿಗೆ

ತಾ.ಕ.: ಪ್ರಶಸ್ತಿಯ ಆಹ್ವಾನದ ಜೊತೆ ತಾವು ಇಟ್ಟಿದ್ದ ಅಭಿಪ್ರಾಯದ ಹಾಳೆಯನ್ನು ತುಂಬಿ ಲಗತ್ತಿಸಿದ್ದೇನೆ. ‘ನಮ್ಮ ಸೇವೆಯನ್ನು ನಿಮ್ಮ ಕುಟುಂಬದವರಿಗೆ ಶಿಫಾರಸು ಮಾಡುವಿರಾ?’ ಎಂಬ ಏಳನೇ ಪ್ರಶ್ನೆಯನ್ನು ಮಾತ್ರ ಖಾಲಿ ಬಿಟ್ಟಿದ್ದೇನೆ. ನನಗೆ ಕುಟುಂಬ ಇದೆಯೇ ಇಲ್ಲವೇ ಎಂದು ತಾವೂ ಮೊಹರಿನವರೂ ಕೂಡಿ ಕುಳಿತು ತೀರ್ಮಾನಿಸಿ ತಿಳಿಸಿದರೆ, ‘ಇಲ್ಲ’ ಎಂಬಲ್ಲಿ ಗುರುತು ಹಾಕಿ ಮರುಟಪಾಲಿನಲ್ಲೇ ಕಳುಹಿಸುತ್ತೇನೆ.